ಪುಲಿಯಾದಲ್ಲಿ ಉಳಿದ ಸ್ಟೀಲ್ ಡಬ್ಬಿ

ಇವತ್ತು ಬೆಳಗಿನಿಂದ ಮಾಡಿದ ಕೆಲಸಗಳು: ಹಾಲು ಕಾಯಿಸಿದೆ. ಎರಡು ದಿನದ ಧೂಳುಗಾಳಿಗೆ ಬಾಲ್ಕನಿಯಲ್ಲಿ ಬಂದು ಕೂತಿದ್ದ ಮರಳು ಗುಡಿಸಿದೆ. ಬಟ್ಟೆ ಒಗೆದು ಒಣಹಾಕಿದೆ. ದೋಸೆಗೆ ನೆನೆಹಾಕಿದೆ. ತಂಗಿಗೆ ಫೋನ್ ಮಾಡಿ ಅವಳ ಮೊಣಕಾಲು ನೋವು ವಿಚಾರಿಸಿದೆ. ಕುಂಡದ ಕರಿಬೇವಿಗೆ ನೀರು ಹಾಕಿದೆ. ಪುಲಿಯಾಕ್ಕೆ ಇನ್ನೊಮ್ಮೆ ಹೋಗೋಣವೆಂದು ಗಂಡನಿಗೆ ಎರಡು ಸಲ ಹೇಳಿದೆ. ಇದೂ ದಿನನಿತ್ಯದ ಕೆಲಸವೇ. ಇವತ್ತು ಶುಕ್ರವಾರದ ರಜೆ, ಅವರು ಮನೆಯಲ್ಲಿರುವುದರಿಂದ ಒಂದು ಸಲ ಹೆಚ್ಚು, ಅಷ್ಟೆ. ಇವಲ್ಲದೆ ಇನ್ನೂ ಒಂದು ಕೆಲಸ ಮಾಡಿದ್ದೇನೆ. ಹಿಂದಿನ ಕತೆ ಹೇಳದೆ ಅದನ್ನು ಹೇಳಿದರೆ ನೀವು ನನ್ನನ್ನು ಕಪಟಿ ಅಂದುಕೊಂಡೀರಿ. ಹೇಳಿದ ಮೇಲೂ ಅಂದುಕೊಳ್ಳಬಹುದು.

ಭೂಪಟದಲ್ಲಿ ಇಟಲಿ ಬೂಟಿನ ಹಾಗಿದೆಯಲ್ಲ, ಅದರ ಹಿಮ್ಮಡಿಯ ಭಾಗವೇ ಪುಲಿಯಾ. ಬಹರೇನಿಗೆ ಬಂದು ಹತ್ತೊಂಬತ್ತು ವರ್ಷ, ರಜೆ ಬಂದಾಗಲೆಲ್ಲ ಗದಗಿಗೇ ಹೋಗುತ್ತಿದ್ದ ನಾವು ಕಳೆದ ಏಪ್ರಿಲ್‌ನಲ್ಲಿ ಮೊದಲ ಸಲ ಬೇರೆ ದಿಕ್ಕಿನ ವಿಮಾನ ಹತ್ತಿದೆವು. ಎಂಟೇ ದಿನ. ತಿರುಗಿ ಬಂದು ವರ್ಷವಾಗುತ್ತ ಬಂತು, ಮನಸ್ಸು ಮಾತ್ರ ಇನ್ನೂ ಅಲ್ಲಿಂದ ಹೊರಟಿಲ್ಲ. ನಮ್ಮ ಮನೆಯಿರುವುದು ಅರಾದ್‌ನಲ್ಲಿ, ವಿಮಾನ ನಿಲ್ದಾಣದ ಮಗ್ಗುಲಲ್ಲಿ. ತಲೆಯ ಮೇಲೆ ವಿಮಾನ ಹಾದಾಗಲೆಲ್ಲ ಒದ್ದೆ ಬಟ್ಟೆ, ಕ್ಲಿಪ್ಪು ಹಿಡಿದುಕೊಂಡೇ ನಿಂತುಬಿಡುತ್ತೇನೆ. ಅದು ಕೊಚ್ಚಿಗೋ ದೋಹಾಕ್ಕೋ ಹೊರಟಿರುತ್ತದೆ. ನನ್ನ ಪಾಲಿಗೆ ಎಲ್ಲವೂ ಇಟಲಿಯ ವಿಮಾನಗಳೇ.

ನಮ್ಮವರಿಗೆ ಹಿದ್ ಬಂದರಿನ ಹತ್ತಿರ ಸರಕು ಸಾಗಣೆ ಕಂಪನಿಯಲ್ಲಿ ಕೆಲಸ. ಯಾವ ಕಂಟೇನರ್ ಎಷ್ಟು ಹೊತ್ತಿಗೆ ಬಂದು ಎಷ್ಟು ಹೊತ್ತಿಗೆ ಹೊರಡಬೇಕೆಂದು ಬರೆದಿಡುವುದೇ ಉದ್ಯೋಗ. ಪ್ರವಾಸದಲ್ಲಿ ನಾನೂ ಒಂದು ಕಂಟೇನರ್. ಅಲ್ಬೆರೊಬೆಲ್ಲೊ ಎಂಬ ಊರಲ್ಲಿ ಸುಣ್ಣ ಬಳಿದ ಪುಟ್ಟ ಮನೆಗಳಿಗೆ ಗಾರೆಯಿಲ್ಲದೆ ಕಲ್ಲನ್ನೇ ಜೋಡಿಸಿ ಚೂಪು ಚಾವಣಿ ಕಟ್ಟಿದ್ದಾರೆ. ಕುಲಾವಿ ತೊಟ್ಟ ಕೂಸುಗಳು ಸಾಲಾಗಿ ಕೂತ ಹಾಗೆ ಕಾಣುತ್ತವೆ. ಅವುಗಳಿಗೆ ಒಂದು ಗಂಟೆ. ಲೆಚ್ಚೆಯಲ್ಲಿ ಬೆಣ್ಣೆ ಬಣ್ಣದ ಕಲ್ಲಿನ ಚರ್ಚಿದೆ. ಗೋಡೆಯ ತುಂಬ ಬಳ್ಳಿ, ಹಣ್ಣು, ಮೃಗ, ದೇವದೂತರು. ನನಗೆ ಲಕ್ಕುಂಡಿಯ ಗುಡಿಗಳ ಮುಂದೆ ನಿಂತಂತಾಯಿತು. ಪಕ್ಕದಲ್ಲಿ ಇವರು ಗಡಿಯಾರ ನೋಡಿಕೊಂಡು, "ಇಲ್ಲಿಗೆ ಮೂವತ್ತೈದು ನಿಮಿಷ ಇಟ್ಟೀನಿ. ಫೋಟೊ ತಗೊ, ಮನ್ಯಾಗ ಕುಂತು ಸಾವಕಾಶ ನೋಡೂಣು" ಅಂದರು.

ಕೊನೆಯ ದಿನ ಬಾರಿ ಪಟ್ಟಣ. ಅದರ ಹಳೇ ಓಣಿಯಲ್ಲಿ ಹೆಂಗಸರು ಬಾಗಿಲ ಮುಂದೆ ಮಣೆ ಹಾಕಿಕೊಂಡು ರವೆ ಹಿಟ್ಟಿನ ಪಾಸ್ತಾ ಮಾಡುತ್ತ ಕೂತಿರುತ್ತಾರೆ. ಹಿಟ್ಟಿನ ಹುರಿ ಹೊಸೆದು, ಮೊಂಡು ಚಾಕುವಿನಿಂದ ತುಣುಕು ಮಾಡಿ ಎಳೆದು, ಹೆಬ್ಬೆರಳ ಮೇಲೆ ಮಗುಚಿದರೆ ಪುಟ್ಟ ಕಿವಿಯಂಥದೊಂದು ಉದುರುತ್ತದೆ. ಹೆಸರು ಒರೆಕ್ಕಿಯೆತ್ತೆ. ನೋಡಿದವಳೇ ಬೆಚ್ಚಿದೆ. ಇದು ನಮ್ಮ ಗೌಲಿ! ಮದುವೆಯ ಪಾಯಸಕ್ಕೆಂದು ಚಿಕ್ಕಂದಿನಲ್ಲಿ ಅತ್ತೆ, ಚಿಕ್ಕಮ್ಮಂದಿರ ನಡುವೆ ಕೂತು ಒತ್ತಿದ್ದೇ ಒತ್ತಿದ್ದು. ಯಾರ ಅಪ್ಪಣೆಯೂ ಕೇಳದೆ ಖಾಲಿ ಸ್ಟೂಲಿನ ಮೇಲೆ ಕೂತು ಹಿಟ್ಟು ಮುರಿದುಕೊಂಡೆ. ಆ ಮನೆಯ ಅಜ್ಜಿಯ ಹೆಸರು ನುನ್ಸಿಯಾ. ನನ್ನ ಕೈ ನೋಡಿದಳು, ಮುಖ ನೋಡಿದಳು, ಮಣೆಯನ್ನು ಅರ್ಧ ನನ್ನ ಕಡೆ ಸರಿಸಿದಳು. "ಹಿಟ್ಟು ಸ್ವಲ್ಪ ಬಿರುಸಾಗೇತಿ ಅಜ್ಜಿ" ಅಂದೆ. ಅವಳು ತನ್ನ ಭಾಷೆಯಲ್ಲಿ ಉದ್ದಕ್ಕೆ ಏನೋ ಹೇಳಿ ಹಿಟ್ಟಿಗೆ ನೀರು ಚಿಮುಕಿಸಿದಳು. ಅಷ್ಟು ಸಲೀಸಾದ ಮಾತುಕತೆ ನನಗೂ ನಮ್ಮವರಿಗೂ ಎಂದೂ ನಡೆದಿಲ್ಲ.

ಹಸಿವಾದರೆ ಇರಲಿ ಎಂದು ಬ್ಯಾಗಿನಲ್ಲಿ ಶೇಂಗಾ ಹೋಳಿಗೆಯ ಡಬ್ಬಿ ಇಟ್ಟುಕೊಂಡಿದ್ದೆ. ನಮ್ಮಂಥವರು ಊಟಕ್ಕೆ ಹೆಸರಾದ ನಾಡಿಗೂ ಬುತ್ತಿ ಕಟ್ಟಿಕೊಂಡೇ ಹೋಗುವವರು. ಡಬ್ಬಿಯನ್ನು ಅಜ್ಜಿಯ ಕೈಗಿಟ್ಟೆ. ಒಂದು ಚೂರು ಬಾಯಿಗೆ ಹಾಕಿಕೊಂಡು ಕಣ್ಣು ಮುಚ್ಚಿದಳು, ಆಮೇಲೆ ಎದುರು ಮನೆಯವಳನ್ನು ಕೂಗಿ ಕರೆದಳು. ಅಷ್ಟರಲ್ಲಿ ಇವರು, "ವಿಮಲಾ, ಹತ್ತೂ ನಲವತ್ತಾತು. ಏಳು, ಟ್ರೇನ್ ತಪ್ಪತೈತಿ" ಎಂದು ಕೈ ಹಿಡಿದು ಎಬ್ಬಿಸಿದರು. ಇನ್ನೊಂದು ತಾಸು ಕೊಟ್ಟಿದ್ದರೆ ಇವರ ಯಾವ ಹಡಗು ಮುಳುಗುತ್ತಿತ್ತೋ. ಹೆಬ್ಬೆರಳ ಹಿಟ್ಟು ರೈಲಿನಲ್ಲಿ ಒಣಗಿತು. ಆಗ ಹೇಳಿದೆ, "ಡಬ್ಬಿ ಅಲ್ಲೇ ಉಳೀತಲ್ಲರೀ."

ಗಂಡನಿಗೂ ಹೇಳದ್ದನ್ನು ನಿಮಗೆ ಹೇಳುತ್ತೇನೆ. ಅದು ಉಳಿದದ್ದಲ್ಲ, ನಾನೇ ಬಿಟ್ಟು ಬಂದದ್ದು. ನಮ್ಮ ಓಣಿಯಲ್ಲಿ ಡಬ್ಬಿಯನ್ನು ಯಾರೂ ಖಾಲಿ ತಿರುಗಿಸುವುದಿಲ್ಲ, ಚಿಟಿಕೆ ಸಕ್ಕರೆಯನ್ನಾದರೂ ಹಾಕಿ ಕೊಡುತ್ತಾರೆ. ಮತ್ತೆ ಮತ್ತೆ ಹೋಗಬೇಕೆನಿಸುವ ಮನೆಯಲ್ಲಿ ಹೆಂಗಸರು ಬೇಕೆಂದೇ ಡಬ್ಬಿ ಮರೆತು ಬರುತ್ತಾರೆ, ಆ ನೆಪದಲ್ಲಿ ಇನ್ನೊಮ್ಮೆ ಹೋಗಿ ಕೂರಲು.

ಅಂದಿನಿಂದ ಡಬ್ಬಿಯದೇ ಜಪ. "ಸ್ಟೀಲಿನ ಡಬ್ಬಿ ತಾನೆ? ಮನಾಮಾದಾಗ ಇನ್ನೊಂದು ತಂದರಾತು" ಎಂದರು ಇವರು. "ಅದರ ಮುಚ್ಚಳದ ಮ್ಯಾಲ ನಮ್ಮ ಅತ್ತೀ ಹೆಸರು ಕೊರದೈತ್ರೀ" ಎಂದೆ. ಸುಳ್ಳಲ್ಲ. ನನ್ನ ಮದುವೆಗೆ ಸೋದರತ್ತೆ ಕೊಟ್ಟದ್ದು. ಕೊಟ್ಟವಳ ಹೆಸರು ದಪ್ಪಕ್ಷರದಲ್ಲಿ, ಮದುಮಗಳದು ಕೆಳಗೆ ಇರುವೆ ಸಾಲಿನ ಹಾಗೆ. ಎದುರು ಫ್ಲ್ಯಾಟಿನ ಮಂಗಳೂರಿನ ನರ್ಸ್ ಲಿಡಿಯಾ ಕೇಳಿ ಬಿದ್ದು ಬಿದ್ದು ನಕ್ಕಳು: "ಡಬ್ಬಿ ತರ್ಲಿಕ್ಕೆ ಇಟಲಿಗೆ ಹೋಗುದಾ ಅಕ್ಕ? ವೀಸಾ ಫಾರ್ಮಲ್ಲಿ ಕಾರಣ ಎಂತ ಬರೀತೀರಿ ಮಾರಾಯ್ರೆ?" ನಗಲಿ. ಈಚೆಗೆ ಇವರು ಮೆತ್ತಗಾಗಿದ್ದರು. ಡಬ್ಬಿಯ ಮಾತೆತ್ತಿದರೆ "ನೋಡೂಣು" ಅನ್ನುತ್ತಿದ್ದರು. ನಾನು ಮನಸ್ಸಿನಲ್ಲೇ ಸೂಟ್‌ಕೇಸು ಇಳಿಸಿದ್ದೆ.

ಇವತ್ತು ಹನ್ನೊಂದಕ್ಕೆ, "ಡಿಪ್ಲೊಮ್ಯಾಟಿಕ್ ಏರಿಯಾದಾಗ ಒಬ್ಬರನ್ನ ಕಾಣೂದೈತಿ" ಎಂದು ಹೋದವರು ಗೆದ್ದ ಮುಖ ಹೊತ್ತು ಬಂದರು. ಚೀಲದಿಂದ ತೆಗೆದು ಮೇಜಿನ ಮೇಲಿಟ್ಟದ್ದು ನನ್ನ ಡಬ್ಬಿ! ಬಂದರಿನ ಕ್ರೇನ್ ನೋಡಲು ಬರುವ ಇಟಲಿಯ ಇಂಜಿನಿಯರ್ ಒಬ್ಬನ ಊರು ಬಾರಿಯಂತೆ. ಬಾಗಿಲ ಫೋಟೊ, ಮನೆಯ ಸಂಖ್ಯೆ ಎಲ್ಲ ಕೊಟ್ಟು ತರಿಸಿದ್ದರು. "ಆರು ತಿಂಗಳಿಂದ ಬೆನ್ನ ಹತ್ತಿದ್ದೆ. ಈಗ ಖುಷೀನಾ?" ಎಂದರು. ಖುಷಿಯಂತೆ! ಇಟಲಿಗೆ ಹೋಗಲು ನನಗಿದ್ದ ಒಂದೇ ಕಾರಣ ಊಟದ ಮೇಜಿನ ಮೇಲೆ ಹೊಳೆಯುತ್ತ ಕೂತಿತ್ತು. ನನಗಾಗಿ ಇಷ್ಟು ಕಷ್ಟಪಟ್ಟ ಮನುಷ್ಯನ ಮೇಲೆ ಸಿಟ್ಟಾಗುವುದಾದರೂ ಹೇಗೆ? ಕಣ್ಣಲ್ಲಿ ನೀರು ಬಂತು. ಆನಂದಬಾಷ್ಪವೆಂದು ಅವರು ನನ್ನ ಬೆನ್ನು ತಟ್ಟಿದರು.

ಡಬ್ಬಿ ಖಾಲಿಯಿರಲಿಲ್ಲ. ಕಂಠದವರೆಗೂ ಒರೆಕ್ಕಿಯೆತ್ತೆ. ಮೇಲೆ ಬಿಳಿ ಕಾಗದ ಹೊದಿಸಿ ದಾರ ಕಟ್ಟಿದ್ದರು.

"ಮುಚ್ಚಳ ಎಲ್ಲಿರೀ?" ಎಂದೆ.

"ಅದೊಂದು ಬಂದಿಲ್ಲ ನೋಡು. ಮುದುಕಿ ಎಲ್ಲೋ ಇಟ್ಟು ಮರತಾಳಂತ. ಹಂಗಂತ ಹೇಳುವಾಗ ನಗಾಕತ್ತಿದ್ದಳಂತ."

ಡಬ್ಬಿಯನ್ನು ಎದೆಗವಚಿಕೊಂಡು ಅಡಿಗೆಮನೆಗೆ ಹೋದೆ.

ಬೆಳ್ಳುಳ್ಳಿ, ಒಣಮೆಣಸಿನಕಾಯಿ ಹುರಿದು, ಇಲ್ಲಿ ಸಿಗುವ ಜರ್ಜೀರ್ ಸೊಪ್ಪನ್ನು ಬಾಡಿಸಿ, ಬೇಯಿಸಿದ ಒರೆಕ್ಕಿಯೆತ್ತೆ ಕಲಸಿದೆ. ಸೊಪ್ಪಿನ ಘಾಟು ಪುಲಿಯಾದಲ್ಲಿ ಇದಕ್ಕೆ ಹಾಕುವ ಸೊಪ್ಪಿನದರ ಹತ್ತಿರವಿತ್ತು, ಅದೇ ಅಲ್ಲ. ಇವರು ಎರಡು ಸಲ ಹಾಕಿಸಿಕೊಂಡರು, ಮೇಲೆ ಮೊಸರನ್ನ ಬಿದ್ದ ಮೇಲೇ ಊಟ ಆಯಿತೆಂದು ಒಪ್ಪಿದರು. ನಾನು ಒಂದು ಮುಷ್ಟಿ ಪಾಯಸಕ್ಕೆಂದು ತೆಗೆದಿಟ್ಟು, ಉಳಿದದ್ದನ್ನು ಒಂದೊಂದೇ ಕಿವಿಯಾಗಿ ಎಣಿಸಿದ ಹಾಗೆ ತಿಂದೆ.

ಊಟವಾದ ಮೇಲೆ ಅವರು ಸೋಫಾದಲ್ಲೇ ನಿದ್ದೆ ಹೋದರು. ಫೋನು ಎದೆಯ ಮೇಲಿತ್ತು. ಇಂಜಿನಿಯರನಿಗೆ ಬರೆಯುತ್ತ ಬರೆಯುತ್ತ ಕಣ್ಣು ಹತ್ತಿಬಿಟ್ಟಿತ್ತು: "ಮುಚ್ಚಳವೊಂದು ಬಾಕಿ ಇದೆ. ಮುಂದಿನ ಸಲ ಬರುವಾಗ ದಯವಿಟ್ಟು..." ಮೆಲ್ಲಗೆ ಫೋನು ಎತ್ತಿಕೊಂಡು ಅಷ್ಟನ್ನೂ ಅಳಿಸಿದೆ. ಆರಂಭದಲ್ಲಿ ಹೇಳದೆ ಬಿಟ್ಟ ಕೆಲಸ ಇದೇ. ಫೋನನ್ನು ಇದ್ದ ಹಾಗೇ ಅವರ ಎದೆಯ ಮೇಲಿಟ್ಟು, ಒಣಗಿದ ಬಟ್ಟೆ ತರಲು ಬಾಲ್ಕನಿಗೆ ಹೋದೆ. ಮೇಲೆ ಒಂದು ವಿಮಾನ ಏರುತ್ತಿತ್ತು.