ಅಂದಾನೆಪ್ಪನವರ ಪದ್ಧತಿ

ತಿಂಗಳ ವರದಿಯಲ್ಲಿ ಅರ್ಧ ಪುಟ ಖಾಲಿ ಉಳಿಯಿತಲ್ಲ ಎಂದು ಅಂದಾನೆಪ್ಪ ನಾಲ್ಕು ಸಾಲು ಹೆಚ್ಚಿಗೆ ಬರೆದದ್ದೇ ತಪ್ಪಾಯಿತು.

ಅವನು ದಾಂಡೇಲಿಯಲ್ಲಿ ಕಲ್ಯಾಣ ಖಾತೆಯ ಕಾರ್ಯಕರ್ತ. ಕಾಗದದ ಕಾರ್ಖಾನೆ ಶುರುವಾಗಿ ಕೆಲವೇ ವರ್ಷಗಳಾಗಿದ್ದವು. ಧಾರವಾಡ, ಬೆಳಗಾವಿ ಕಡೆಯಿಂದ ಕೆಲಸ ಹುಡುಕಿಕೊಂಡು ಬಂದವರು ಕಾಳಿ ಹೊಳೆಯ ದಂಡೆಗೆ ಗುಡಿಸಲು ಹಾಕಿಕೊಂಡಿದ್ದರು. ಅವರ ತಲೆಯ ಮೇಲೊಂದು ಸೂರು ಆಗುವಂತೆ ನೋಡಿಕೊಳ್ಳುವುದು ಅಂದಾನೆಪ್ಪನ ನೌಕರಿ. ಅವನ ತಲೆಯ ಮೇಲೆ ಮಾತ್ರ ಮೂರು ವರ್ಷದಿಂದ ಹಿಟ್ಟು ಬೀಳುತ್ತಿತ್ತು. ಹಿಟ್ಟಿನ ಗಿರಣಿಯ ಹಿಂದಿನ ಅರ್ಧ ಕೋಣೆಯಲ್ಲಿ ಹೆಂಡತಿ ಗುರುಬಸವ್ವನೊಡನೆ ಅವನ ಸಂಸಾರ. ಊರಲ್ಲಿ ಖಾತೆಯದೊಂದು ಹೆಂಚಿನ ಮನೆ ಖಾಲಿ ಬಿದ್ದಿತ್ತು. ಅದಕ್ಕಾಗಿ ಐದು ಅರ್ಜಿ ಹಾಕಿದ್ದ. ಕೀಲಿಕೈ ಕಾರವಾರದ ದೊಡ್ಡ ಸಾಹೇಬರ ಹತ್ತಿರ ಇತ್ತು.

ವರದಿಯಲ್ಲಿ ಬರೆದದ್ದಿಷ್ಟು: ಹೊಸದಾಗಿ ಬಂದ ಕುಟುಂಬಕ್ಕೆ ಓಣಿಯ ಪ್ರತಿ ಗುಡಿಸಲಿನಿಂದ ಒಂದು ಬಿದಿರಿನ ಗಳ, ಒಂದು ಹೊರೆ ಹುಲ್ಲು ಕೂಡಿಸಿ, ಹೊತ್ತು ಮುಳುಗುವುದರೊಳಗೆ ಮನೆ ಎಬ್ಬಿಸುವ ಪದ್ಧತಿಯನ್ನು ತಾನು ಜಾರಿಗೆ ತಂದಿದ್ದೇನೆ. ಪದ್ಧತಿಯೇನೋ ನಿಜ. ತಂದವಳು ಮಾತ್ರ ಹೊಳೆದಂಡೆಯ ಆ ಓಣಿಯ ಹಿರಿಯಳಾದ ಸಿದ್ದಕ್ಕ. ಅಂದಾನೆಪ್ಪ ಬಂಡೆಯ ಮೇಲೆ ಕೂತು ನೋಡಿದ್ದ, ಅಷ್ಟೆ.

ವಾರದಲ್ಲಿ ಸಾಹೇಬರ ಪತ್ರ ಬಂತು. ಒಬ್ಬರ ಒಳ್ಳೆಯ ಪದ್ಧತಿಯನ್ನು ಇನ್ನೊಬ್ಬರು ಕಲಿಯಬೇಕಂತೆ. ಹಳಿಯಾಳ, ಜೋಯಿಡಾ, ಮುಂಡಗೋಡಿನ ಕಾರ್ಯಕರ್ತರನ್ನು ಕರೆದುಕೊಂಡು ಗುರುವಾರ ಬರುತ್ತಾರಂತೆ. ಮನೆಯ ಅರ್ಜಿಯನ್ನೂ ಅಂದೇ ತೀರ್ಮಾನಿಸುತ್ತಾರಂತೆ.

ಗುರುವಾರ ಬೆಳಗಾಗುತ್ತಲೇ ಅಂದಾನೆಪ್ಪ ಹೊಳೆದಂಡೆಗೆ ಓಡಿದ.

"ಸಿದ್ದಕ್ಕಾ, ಇವತ್ತ ಯಾರರ ಹೊಸಬ್ರು ಬರೂವ್ರು ಅದಾರೇನು?"

"ಅದಾರಲ್ರಿ ಅಣ್ಣಾರ. ನಮ್ಮೂರ ಪರಸಪ್ಪ ಹೆಂಡ್ತಿ ಮಕ್ಕಳನ್ನ ಕರಕೊಂಡು ಚಕ್ಕಡಿ ಕಟ್ಟಿಸ್ಯಾನ. ಮಧ್ಯಾಹ್ನಕ್ಕ ಬರ್ತಾನ."

"ಬದುಕಿದೆ! ಮತ್ತ... ಸಾಹೇಬ್ರು ಕೇಳಿದ್ರ, ಈ ರೀತಿ ರಿವಾಜು ಎಲ್ಲಾ ಅಂದಾನೆಪ್ಪನವರಽ ಹಾಕಿಕೊಟ್ಟದ್ದು ಅಂತ ಹೇಳಬೇಕು ನೋಡು."

ಸಿದ್ದಕ್ಕ ಅವನ ಹುಬ್ಬಿನಲ್ಲಿದ್ದ ಹಿಟ್ಟು ನೋಡಿದಳು. ಅವಳಿಗೆ ಕನಿಕರ ಬಂತು. "ಆತ ಬಿಡ್ರಿ, ಹಂಗಽ ಹೇಳ್ತೇನಿ" ಎಂದಳು.

ಹತ್ತಕ್ಕೆ ಜೀಪು ಬಂತು. ಸಾಹೇಬರು ಸಮಾಧಾನದ ಮನುಷ್ಯ. ಕಾಟ ಕೊಟ್ಟವನು ಹಳಿಯಾಳದ ಕಾರ್ಯಕರ್ತ ಕರಿಬಸಪ್ಪ. ಮೊಸರಲ್ಲಿ ಕಲ್ಲು ಹುಡುಕುವ ಆಸಾಮಿ, ಕೈಯಲ್ಲೊಂದು ನೋಟಬುಕ್ಕು.

"ಗಳಾ ಕೊಡಾಕ ಆಗದವ್ರು ಏನ ಮಾಡಬೇಕ್ರಿ?" ಎಂದು ಕೇಳಿದ.

"ಅವ್ರು ಹಗ್ಗಾ ಹೊಸೀತಾರ್ರಿ. ಅಣ್ಣಾರಽ ಹೇಳ್ಯಾರ" ಎಂದಳು ಸಿದ್ದಕ್ಕ.

"ಬಾಗಲಾ ಯಾಕ ಹೊಳೀ ಕಡೆ ಇಟ್ಟಿಲ್ಲ?"

"ಅದೂ ನಂದಽ ನಿಯಮ ರೀ" ಎಂದು ಅಂದಾನೆಪ್ಪ ತಾನೇ ಹೇಳಿಬಿಟ್ಟ. ಕಾರಣ ಏನೆಂದು ಕರಿಬಸಪ್ಪ ಕೇಳಲಿಲ್ಲ, ಪುಣ್ಯ.

ಪದ್ಧತಿ ಮಾಡಿದವರು ಒಂದು ಗಳವನ್ನಾದರೂ ನೆಡಲಿ ಎಂದು ಸಾಹೇಬರು ಆಸೆಪಟ್ಟರು. ಅಂದಾನೆಪ್ಪ ನೆಟ್ಟ. ಬಿದಿರಿನ ಕೆಲಸದಲ್ಲಿ ಪಳಗಿದ ಇನಾಸ ಹತ್ತಿರ ಬಂದು ಮೆಲ್ಲಗೆ, "ಬುಡಾ ಮ್ಯಾಲಾಗೇತ್ರಿ" ಎಂದ. ಅಷ್ಟರಲ್ಲಿ ಕರಿಬಸಪ್ಪ ನೋಟಬುಕ್ಕಿನಲ್ಲಿ 'ಬುಡ ಮೇಲೆ' ಎಂದು ಬರೆದು ಕೆಳಗೊಂದು ಗೆರೆ ಎಳೆದಾಗಿತ್ತು.

ಮೂರು ಗಂಟೆಗೆ ಗುಡಿಸಲು ಎದ್ದು ನಿಂತಿತು. ಪರಸಪ್ಪನ ಚಕ್ಕಡಿ ಮಾತ್ರ ಬರಲಿಲ್ಲ. ಗುರುಬಸವ್ವ ಮದುವೆಯ ಸೀರೆ ಉಟ್ಟುಕೊಂಡು, ಚಹಾದ ಪಾತ್ರೆ ಹಿಡಿದುಕೊಂಡು ಬಂದಳು. ಸಾಹೇಬರ ಹೊಟ್ಟೆ ತಣ್ಣಗಿದ್ದರೆ ಕೀಲಿಕೈ ತಾನಾಗಿಯೇ ಹೊರಗೆ ಬರುತ್ತದೆ ಎಂಬುದು ಅವಳ ಲೆಕ್ಕ. ಹೊರಗೆ ಗಾಳಿ ಇತ್ತು. ಗುಡಿಸಲಿನೊಳಗೆ ಒಲೆಗೆಂದು ಹೊಸದಾಗಿ ಮೂರು ಕಲ್ಲು ಹೂಡಿದ್ದರು. ಅಲ್ಲೇ ಕೂತು ಬೆಂಕಿ ಹಚ್ಚಿದಳು.

"ಅಯ್ಯ ನನ್ನವ್ವಾ, ಎಂಥಾ ಕೆಲಸಾ ಮಾಡಿದಿ!" ಎಂದು ಸಿದ್ದಕ್ಕ ಬಾಯಿ ಮೇಲೆ ಕೈ ಇಟ್ಟುಕೊಂಡಳು.

"ಏನಾತ್ ಯಕ್ಕಾ?"

"ಹೊಸಾ ಗುಡಸಲದಾಗ ಮೊದಲ ಯಾರು ಒಲಿ ಹಚ್ಚತಾರೋ ಅದು ಅವರ ಮನಿ. ಆ ಬೆಂಕಿ ಬಿಟ್ಟು ಅವರು ಬ್ಯಾರೆ ಕಡೆ ಸಂಸಾರ ಹೂಡಬಾರದು. ಹೂಡಿದ್ರ ಇಡೀ ಓಣಿಗೆ ಕೇಡು. ಒಬ್ಬರ ಮನಿ ಇನ್ನೊಬ್ಬರು ಕಸಗೋಬಾರದಂತ ಹಿಂಗ ಮಾಡೇವಿ."

ಓಣಿಯವರೆಲ್ಲ ಹೌದೆಂದು ತಲೆಯಾಡಿಸಿದರು. ಕರಿಬಸಪ್ಪ ಪೆನ್ಸಿಲ್ ಎತ್ತಿದ.

"ಇದೂ ಅಂದಾನೆಪ್ಪನವರದಽ ನಿಯಮ ಏನ್ರಿ?"

ಹೌದೆಂದರೆ ಅಂದಾನೆಪ್ಪನಿಗೆ ಈ ಗುಡಿಸಲೇ ಗತಿ. ಹೆಂಚಿನ ಮನೆ ಕಣ್ಣ ಮುಂದೆಯೇ ದೂರ ಸರಿಯುತ್ತಿತ್ತು. ನಾಚಿಕೆಯೂ ಆಯಿತು, ಭಯವೂ ಆಯಿತು. ಭಯವೇ ಹೆಚ್ಚಿತ್ತು ಎನ್ನಬೇಕು.

"ಸಾಹೇಬ್ರ, ತಪ್ಪಾತ್ರಿ. ಖರೇ ಹೇಳ್ತೇನಿ, ಇದ್ರಾಗ ಯಾವದೂ ನಂದಲ್ಲ. ಎಲ್ಲಾ ಈ ಸಿದ್ದಕ್ಕನ ಪದ್ಧತಿ. ನಾ ಸುಮ್ಮನ ಬರದೆ."

ಸಾಹೇಬರು ಸಿದ್ದಕ್ಕನ ಕಡೆ ತಿರುಗಿದರು. ನಿನ್ನದೇ ಎಂದು ಒಪ್ಪಿಕೊಳ್ಳೇ ತಾಯಿ ಎಂದು ಅಂದಾನೆಪ್ಪ ಕಣ್ಣಲ್ಲೇ ಕೈಮುಗಿದ. ಬೆಳಗಿನ ಮಾತು ಮರೆಯಬೇಡ ಎನ್ನುತ್ತಿದ್ದಾನೆಂದು ಸಿದ್ದಕ್ಕ ತಿಳಿದಳು.

"ನನಗೇನ ತಿಳೀತೈತ್ರಿ ಸಾಹೇಬ್ರ, ಸಾಲಿ ಕಲಿತಾಕಿ ಅಲ್ಲ, ಏನಲ್ಲ. ಎಲ್ಲಾ ಅಣ್ಣಾರಽ ಕಲಿಸ್ಯಾರ."

"ನೋಡ್ರಿ," ಎಂದು ಸಾಹೇಬರು ಉಳಿದವರಿಗೆ ಹೇಳಿದರು, ಅವರ ದನಿ ಒದ್ದೆಯಾಗಿತ್ತು. "ಮಾಡಿದ್ದು ಇವರು, ಹೆಸರು ಬಡವರಿಗೆ. ಇಂಥಾ ದೊಡ್ಡ ಗುಣ ನಾ ನೋಡಿಲ್ಲ."

ಅದೇ ಹೊತ್ತಿಗೆ ಚಕ್ಕಡಿ ಬಂತು. ದಾರಿಯಲ್ಲಿ ಅಚ್ಚು ಮುರಿದಿತ್ತಂತೆ. ಪರಸಪ್ಪ, ಹೆಂಡತಿ, ಮೂರು ಮಕ್ಕಳು, ಒಂದು ಕೋಳಿ ಇಳಿದವು. ತಮಗೆಂದು ಕಟ್ಟಿದ ಗುಡಿಸಲಿನಿಂದ ಹೊಗೆ ಬರುತ್ತಿರುವುದನ್ನು ಕಂಡು ಪರಸಪ್ಪನ ಮುಖ ಸಣ್ಣದಾಯಿತು. ಇನ್ನೊಂದು ಗುಡಿಸಲಿಗೆ ಅಂದು ಓಣಿಯಲ್ಲಿ ಗಳವೂ ಉಳಿದಿರಲಿಲ್ಲ, ಹುಲ್ಲೂ ಉಳಿದಿರಲಿಲ್ಲ.

ಸಾಹೇಬರು ಜೇಬಿಗೆ ಕೈ ಹಾಕಿದರು. ಗುರುಬಸವ್ವ ಸೆರಗಿಗೆ ಕೈ ಒರೆಸಿಕೊಂಡು ಮುಂದೆ ಬಂದಳು. ಕೀಲಿಕೈ ಹೊರಬಂತು.

"ಖಾತೆಯ ಮನಿ ಇರೂದು ಊರಾಗ ಮನಿ ಇಲ್ಲದವರಿಗೆ. ಅಂದಾನೆಪ್ಪನವರಿಗೆ ಅವರ ನಿಯಮದ ಪ್ರಕಾರಽ ಮನಿ ಆತು. ಬ್ಯಾರೆ ವ್ಯವಸ್ಥಾ ಆಗೂತನಕ ಇವರು ಅಲ್ಲಿ ಇರಲಿ."

ಪರಸಪ್ಪ ಕೀಲಿಕೈಯನ್ನು ಕಣ್ಣಿಗೊತ್ತಿಕೊಂಡ. ಮಕ್ಕಳು ಕೋಳಿಯ ಸಮೇತ ಮತ್ತೆ ಚಕ್ಕಡಿ ಹತ್ತಿದವು. ಅಂದಾನೆಪ್ಪನ ಹೊಟ್ಟೆ ಉರಿಯಿತು, ನಿಜ. ಆದರೆ ಆ ಮಕ್ಕಳ ನಗು ನೋಡಿ ಅವನಿಗೆ ಬಯ್ಯಲು ಬಾಯಿ ಬರಲಿಲ್ಲ.

"ಕರಿಬಸಪ್ಪನವರ, ಬರಕೋರಿ," ಎಂದರು ಸಾಹೇಬರು ಚಹಾ ಮುಗಿಸಿ. "ಮುಂದಿನ ತಿಂಗಳಿಂದ ಹಳಿಯಾಳ, ಜೋಯಿಡಾ, ಮುಂಡಗೋಡದಾಗೂ ಕಾರ್ಯಕರ್ತರು ಹಿಂಗಽ ಗುಡಸಲದಾಗ ಒಲಿ ಹಚ್ಚಬೇಕು."

ಪೆನ್ಸಿಲ್ ನಿಂತುಬಿಟ್ಟಿತು. ಜೀಪು ಹೊರಟಾಗ ಹಿಂದೆ ಕೂತ ಮೂವರೂ ಅಂದಾನೆಪ್ಪನನ್ನು ತಿರುವಿನವರೆಗೂ ದುರುಗುಟ್ಟಿ ನೋಡುತ್ತ ಹೋದರು.

ಸಿದ್ದಕ್ಕ ಒಂದು ಚಾಪೆ ತಂದು ಬಾಗಿಲಲ್ಲಿ ಇಟ್ಟಳು. ಅವಳ ಮುಖದ ತುಂಬ ಸಂತೋಷ.

"ನೀವಂತೂ ಗಾಬರಿಯಾಗಿ ಏನೇನೋ ಅಂದಬಿಟ್ರಿ ಅಣ್ಣಾರ. ನಾ ಸಂಬಾಳಿಸಿದ್ದಕ್ಕ ಆತು. ಇಲ್ಲಂದ್ರ ನಿಮಗ ಈ ಮನೀನೂ ದಕ್ಕತಿರಲಿಲ್ಲ."