ಅತ್ತೆಯವರ ಕೈ ತಡೆಯದ ಯಂತ್ರದವರಿಗೆ

ಬೇಕರಿಯ ಗೋಡೆಯ ಹಳದಿ ಪೆಟ್ಟಿಗೆಯಲ್ಲಿ ವಾಸವಾಗಿರುವ, ನಿಂತ ಹೃದಯಗಳ ಪರಮಾಪ್ತರಾದ ಶಾಕ್ ಯಂತ್ರ ಮಹಾಶಯರ ಸನ್ನಿಧಿಗೆ,

ಮಾನ್ಯರೇ,

ತಮ್ಮ ಬ್ಯಾಟರಿ ತುಂಬಿದೆ, ಹಸಿರು ದೀಪ ಕ್ಷೇಮವಾಗಿದೆ ಎಂದು ನಂಬಿ, ಪಕ್ಕೆಲುಬು ಮುರಿದ ಈ ಬಡಪಾಯಿ ಅಡ್ಡಬಿದ್ದು ಮಾಡುವ ನಮಸ್ಕಾರಗಳು. ಸದ್ಯಕ್ಕೆ ಬೀಳಲು ವೈದ್ಯರ ಅನುಮತಿ ಇಲ್ಲದ ಕಾರಣ ಕೂತೇ ಮಾಡಿದ್ದೇನೆ, ಮನ್ನಿಸಬೇಕು.

ಕಳೆದ ತಿಂಗಳು ಅತ್ತೆಯವರ ಬೇಕರಿಯಲ್ಲಿ ಬ್ರೆಡ್ಡಿನ ಹಿಟ್ಟು ನಾದುತ್ತಿದ್ದ ನಾನು, "ನಾದೋದು ಅಂದ್ರೆ ಹಿಟ್ಟಿನ ತಲೆ ಸವರೋದಲ್ಲ ಅಳಿಯಂದ್ರೇ" ಎಂಬ ಅವರ ನಿತ್ಯದ ಆಶೀರ್ವಚನ ಮುಗಿಯುವ ಮೊದಲೇ ಎದೆ ಹಿಡಿದು ನೆಲಕ್ಕೊರಗಿದ್ದು, ನನ್ನ ಹೆಂಡತಿ ತಮ್ಮನ್ನು ಗೋಡೆಯಿಂದ ಇಳಿಸಿ ತಂದು ತಮ್ಮ ಎರಡು ಪಟ್ಟಿಗಳನ್ನು ನನ್ನೆದೆಗೆ ಅಂಟಿಸಿದ್ದು, ಅತ್ತೆಯವರು ತೋಳೇರಿಸಿ ಎದೆ ಒತ್ತಲು ಕೂತದ್ದು ತಮಗೆ ನೆನಪಿರಬಹುದು. ನನಗಿಲ್ಲ, ನಾನಾಗ ಹೆಚ್ಚುಕಡಿಮೆ ಸತ್ತಿದ್ದೆ.

ತಮಗಿಂತ ಮುಂಚೆ ಅದೇ ಗೋಡೆಯಲ್ಲಿದ್ದ ಹಳೆಯ ಯಂತ್ರದವರು ಎಂಥ ಸಂಭಾವಿತರು! ಹೃದಯದ ಲಯ ನೋಡಬೇಕಾದಾಗಲೆಲ್ಲ "ಒತ್ತುವುದನ್ನು ನಿಲ್ಲಿಸಿ, ಯಾರೂ ಮುಟ್ಟಬೇಡಿ" ಎಂದು ಎಲ್ಲರ ಕೈ ತೆಗೆಸಿ ಸಾವಕಾಶವಾಗಿ ಯೋಚಿಸುತ್ತಿದ್ದರಂತೆ. ತಾವಾದರೋ ಮಹಾ ಮೇಧಾವಿಗಳು. ಅತ್ತೆಯವರು ದಬದಬನೆ ಒತ್ತುತ್ತಿರುವಾಗಲೇ ಆ ಕುಲುಕಾಟವನ್ನೆಲ್ಲ ಜರಡಿ ಹಿಡಿದು, ಅದರೊಳಗಿನ ನನ್ನ ಹೃದಯದ ನಡುಕವನ್ನಷ್ಟೇ ಹೆಕ್ಕಿ ಓದಿಬಿಟ್ಟಿರಿ. ಮಿದುಳಿಗೆ ರಕ್ತ ಹರಿಯುವುದು ನಿಲ್ಲದಿರಲೆಂದೇ ಈ ಏರ್ಪಾಡು ಎಂದು ವೈದ್ಯರು ಕೊಂಡಾಡಿದರು. ಒಪ್ಪಿದೆ. ಆದರೆ ನನ್ನ ಪಕ್ಕೆಲುಬುಗಳಿಗೆ ಒಂದು ಗಳಿಗೆ ಬಿಡುವು ಕೊಡಿಸುವುದಿರಲಿ, "ಇನ್ನೂ ಜೋರಾಗಿ ಒತ್ತಿ" ಎಂದು ಹುರಿದುಂಬಿಸಿದಿರಲ್ಲ, ಅದೂ ಆಯುಷ್ಯವೆಲ್ಲ ಹಿಟ್ಟು ನಾದಿದ ಕೈಗೆ! ಮೊದಲೇ ಮಂಗ, ಮೇಲೆ ಹೆಂಡ ಕುಡಿಸಿದರು ಎಂಬ ಗಾದೆಯನ್ನು ನಾನಿಲ್ಲಿ ಬಳಸುವುದಿಲ್ಲ, ಈ ಪತ್ರವನ್ನು ಅತ್ತೆಯವರೂ ಓದುತ್ತಾರೆ.

ಮೂರು ಎಲುಬು ಹೋದರೂ ಜೀವ ಉಳಿಯಿತು, ಅದರ ಸಂತೋಷ ನನಗೆ ಹೇಳತೀರದಷ್ಟಿದೆ. ಈಗ ಅಂಗಡಿಗೆ ಬಂದವರಿಗೆಲ್ಲ ಅತ್ತೆಯವರು ಬನ್ನಿನ ಜೊತೆ ನನ್ನನ್ನೂ ತೋರಿಸಿ, "ಇದೂ ನಾನೇ ನಾದಿದ್ದು" ಎನ್ನುತ್ತಾರೆ.

ಆದರೂ ತಮ್ಮ ಒಂದು ಪವಾಡಕ್ಕೆ ನಾನು ತಲೆಬಾಗಲೇಬೇಕು. ಶಾಕ್ ಕೊಡುವ ಮುನ್ನ ತಾವು "ದೂರ ಸರಿಯಿರಿ" ಎಂದಾಗ ಅತ್ತೆಯವರು ಸರಿದರಂತೆ! ಮದುವೆಯಾದಂದಿನಿಂದ ಮಾವನವರ ಕೈಲಾಗದ್ದನ್ನು ತಾವು ಎರಡು ಶಬ್ದದಲ್ಲಿ ಸಾಧಿಸಿದಿರಿ. ಆದ್ದರಿಂದ ತಾವು ಗೋಡೆ ಬಿಟ್ಟು ನನ್ನ ಹಿಟ್ಟಿನ ಮೇಜಿಗೇ ಬಂದು ನೆಲೆಸಿ, ಅವರು ನನ್ನ ಹೆಗಲ ಮೇಲಿಂದ ಬಗ್ಗಿ ನೋಡಿದಾಗಲೆಲ್ಲ ಅದೇ ಮಾತನ್ನು ಅದೇ ಗತ್ತಿನಲ್ಲಿ ಹೇಳಬೇಕೆಂದು ಪ್ರಾರ್ಥನೆ. ಶಾಕ್ ಬೇಡ, ಮಾತು ಸಾಕು.

ಎರಡನೆಯ ಜನ್ಮದ ಮಟ್ಟಿಗೆ ಋಣಿಯಾದ,
ತಮ್ಮ ವಿಶ್ವಾಸಿ,
ಬೇಕರಿಯ ಅಳಿಯ

ಮತ್ತೊಂದು ಮಾತು: ಪತ್ರ ಓದಿದ ಅತ್ತೆಯವರು, "ಅದು ಹೇಳ್ತು ಅಂತ ನಾನ್ಯಾಕೆ ಸರೀಲಿ? ಕಣ್ಣು ತುಂಬಿ ನಿಮ್ಮ ಮುಖಾನೇ ಕಾಣ್ತಿರ್ಲಿಲ್ಲ, ಒರೆಸ್ಕೊಳ್ಳೋಕೆ ಆಚೆ ತಿರುಗಿದೆ ಅಷ್ಟೆ" ಎಂದು ಹೇಳಿ, ನನ್ನ ಕೈಯಿಂದ ಹಿಟ್ಟು ಕಸಿದುಕೊಂಡು ತಾವೇ ನಾದತೊಡಗಿದರು. ಆದಕಾರಣ ತಾವು ಗೋಡೆಯಲ್ಲೇ ಇರಬಹುದು. ತಮ್ಮ ಮಾತನ್ನೂ ಅವರು ಕೇಳಿಲ್ಲ.