ನೆಟ್ಟಗಿನ ಮೂಲೆಗಾಗಿ ಪಟ್ಟ ಪಾಡು

ಮನೆಯ ಹೊರಮೂಲೆಗೆ ಗಾರೆ ಮಾಡಿಸುವುದು ಒಂದು ದಿನದ ಕೆಲಸವೆಂದು ಯಾರಾದರೂ ಹೇಳಿದರೆ, ಅವರು ಮಧುಗಿರಿಯಲ್ಲಿ ಗಾರೆ ಮಾಡಿಸಿದವರಲ್ಲ ಎಂದು ತಿಳಿಯಬೇಕು. ಬೇರೆಲ್ಲೂ ನಡೆಯದಂಥವು ಇಲ್ಲಿ ನಡೆಯುತ್ತವೆ; ಅದೂ ನನ್ನ ಗೇಟಿನ ಮುಂದೆಯೇ ನಡೆಯುತ್ತವೆ.

ನೀರಿನ ಟ್ಯಾಂಕರೊಂದು ಹಿಂದಕ್ಕೆ ಬರುವಾಗ ನಮ್ಮ ಮನೆಯ ಬೀದಿಬದಿಯ ಮೂಲೆಗೆ ಗುದ್ದಿತು. ತಳದಿಂದ ತಾರಸಿಯ ಅಂಚಿನವರೆಗೆ ಗಾರೆ ಉದುರಿ ಇಟ್ಟಿಗೆ ಕಂಡಿತು. ಚಾಲಕನು ಇಳಿದು ಪರೀಕ್ಷಿಸಿದ್ದು ತನ್ನ ಟ್ಯಾಂಕರನ್ನು ಮಾತ್ರ.

ಆ ಮೂಲೆಯ ಒಳಬದಿಯಲ್ಲಿ ಸ್ವಿಚ್ ಬೋರ್ಡ್ ಇದೆ. ಮೊದಲ ಮಳೆಗೇ ಗೋಡೆ ತೇವಗೊಂಡು, ಫ್ಯಾನಿನ ಸ್ವಿಚ್ಚು ನನ್ನ ಬೆರಳಿಗೆ ಹೊಡೆಯಿತು. "ಮೂಲೆ ಮುಚ್ಚೋಗಂಟ ಕೈಲಿ ಮುಟ್ಬ್ಯಾಡಿ ಟೀಚರಮ್ಮ" ಎಂದು ಎಲೆಕ್ಟ್ರಿಷಿಯನ್ ಹೇಳಿ ಹೋದನು. ಅಂದಿನಿಂದ ನಾನು ಸ್ವಿಚ್ಚುಗಳನ್ನು ನಾನು ಶಾಲೆಯಲ್ಲಿ ಪಾಠ ಹೇಳುತ್ತಿದ್ದ ದಿನಗಳ ರೂಲುದೊಣ್ಣೆಯಿಂದ ಒತ್ತತೊಡಗಿದೆ.

ದೊಡ್ಡ ಮಳೆ ಹಿಡಿಯುವುದರೊಳಗೆ ಮೂಲೆ ಮುಚ್ಚಬೇಕಿತ್ತು. ಮುಚ್ಚಿದ್ದು ನೆಟ್ಟಗೂ ಇರಬೇಕಿತ್ತು. ಇದು ನಮ್ಮ ತಂದೆಯವರು ಎದುರಿಗೆ ನಿಂತು ಕಟ್ಟಿಸಿದ ಮನೆ. ಇದರಲ್ಲಿ ಕೂದಲೆಳೆಯಷ್ಟು ಸೊಟ್ಟವೂ ಇರಲಿಲ್ಲ. ಇರಲು ಬಿಡುವವಳು ನಾನಲ್ಲ.

೧. ಕಣ್ಣಳತೆ

ಮೊದಲು ಬಂದವರು ಕೊರಟಗೆರೆ ಕಡೆಯ ಹಿರಿಯ ಮೇಸ್ತ್ರಿ. ಚೀಲದಲ್ಲಿ ಗಾರೆ ಹಚ್ಚುವ ಕರಣೆ ಇತ್ತು, ಬೀಡಿ ಇತ್ತು. ಗೋಡೆಯ ನೇರ ನೋಡುವ ತೂಕದ ಗುಂಡು ಇರಲಿಲ್ಲ.

"ಗುಂಡು ಎಲ್ಲಿ?" ಎಂದೆ.

"ಗುಂಡು ಯಾಕಮ್ಮ? ಕಣ್ಣಿಲ್ವಾ?" ಎಂದು ಒಂದು ಕಣ್ಣು ಮುಚ್ಚಿ, ಇನ್ನೊಂದನ್ನು ಕಿರಿದಾಗಿಸಿ, ಸಂಜೆಯ ಹೊತ್ತಿಗೆ ಮೂಲೆ ಮುಗಿಸಿದರು.

ನಾನು ತಾರಸಿ ಹತ್ತಿ, ಉದ್ದನೆಯ ದಾರಕ್ಕೆ ಗೇಟಿನ ಬೀಗ ಕಟ್ಟಿ ಇಳಿಬಿಟ್ಟೆ. ಬೀಗ ನಿಂತ ಜಾಗಕ್ಕೂ ಮೂಲೆಗೂ ಎರಡು ಬೆರಳಿನ ಅಂತರವಿತ್ತು.

"ಎರಡು ಬೆರಳು ಸೊಟ್ಟ."

"ಮನೆ ಹೆಂಗೈತೋ ಮೂಲೆ ಅಂಗೇ ಹೋಗ್ಬೇಕು ಕಣಮ್ಮ."

"ನಮ್ಮ ತಂದೆಯವರ ಮನೆಯನ್ನು ಸೊಟ್ಟ ಎನ್ನುತ್ತಿದ್ದೀರಾ?"

"ನಾನೆಲ್ಲಿ ಅಂದೆ? ಅಂದಿದ್ದು ನೀವು."

ಗಾರೆ ಹಸಿಯಿರುವಾಗಲೇ ಕೀಳಿಸಿದೆ. ಕೊನೆಯ ಹಿಡಿಯನ್ನೂ ಕೆರೆದು ಹಾಕಿದ ಮೇಲೆ ಅವರು ಹಿಂದೆ ಸರಿದು ನಿಂತು, ಗಂಭೀರವಾಗಿ ಹೇಳಿದರು: "ಬೀಗ ಇಳೀಬುಡಿ. ಕಿತ್ತಿರೋದಾದ್ರೂ ನೆಟ್ಟಗೈತಾ ನೋಡ್ಬುಡುವ."

೨. ಎಮ್ಮೆ

ಎರಡನೆಯವನು ಸಿರಾದವನು; ವಯಸ್ಸಿನಲ್ಲಿ ಕಿರಿಯ, ಮಾತಿನಲ್ಲಿ ಮರ್ಯಾದಸ್ಥ. ಅವನ ಬಳಿ ಥಳಥಳಿಸುವ ಹಿತ್ತಾಳೆಯ ಗುಂಡಿತ್ತು. "ಫಿಕರ್ ಮಾಡ್ಬೇಡಿ ಅಮ್ಮಾ, ಬಿಲ್ಕುಲ್ ಸೀದಾ ಬರ್ತದೆ" ಎಂದನು. ಮೂಲೆಯ ಒಂದು ಮಗ್ಗುಲಿಗೆ ಮರದ ಪಟ್ಟಿ ಹಿಡಿಸಿ ಇನ್ನೊಂದು ಮಗ್ಗುಲಿಗೆ ಗಾರೆ ಹೊಡೆದನು; ಅದು ಬಿಗಿದ ಮೇಲೆ ಪಟ್ಟಿಯನ್ನು ಆಚೆಗೆ ಬದಲಿಸಿ ಇತ್ತ ಹೊಡೆದನು. ಮೂಲೆ ಚಾಕುವಿನ ಅಲಗಿನಂತೆ ಎದ್ದು ನಿಂತಿತು. ತಪ್ಪು ಹುಡುಕಿದೆ, ಸಿಗಲಿಲ್ಲ. ಅವನು ಕೈ ತೊಳೆದು ಟೀ ಕುಡಿಯಲು ಹೋದನು.

ಆ ಬಿಡುವಿನಲ್ಲಿ ಹಿಂದಿನ ಬೀದಿಯ ಎಮ್ಮೆ ಬಂದಿತು. ತಂಪಾದ, ತರಿತರಿಯಾದ, ಅಂಚುಳ್ಳ ಮೂಲೆ ಅದಕ್ಕೆ ಜನ್ಮದಲ್ಲಿ ದೊರೆತಿರಲಿಲ್ಲವೆಂದು ತೋರುತ್ತದೆ. ಕತ್ತಿನಿಂದ ತೊಡೆಯವರೆಗೆ ಒಂದು ಮಗ್ಗುಲನ್ನು ಉಜ್ಜಿಕೊಂಡಿತು. ಅನಂತರ ಸಾವಧಾನವಾಗಿ ತಿರುಗಿ ಇನ್ನೊಂದು ಮಗ್ಗುಲನ್ನು ಉಜ್ಜಿಕೊಂಡಿತು. ನಾನು ರೂಲುದೊಣ್ಣೆ ಎತ್ತಿದೆ. ಮೂವತ್ತು ವರ್ಷ ತರಗತಿಗಳನ್ನು ನಡುಗಿಸಿದ ದೊಣ್ಣೆ ಅದು. ಎಮ್ಮೆ ಕಣ್ಣು ಸಹ ಹೊರಳಿಸಲಿಲ್ಲ.

ಎಮ್ಮೆಯ ಯಜಮಾನ ಓಡಿ ಬಂದನು. ಕ್ಷಮೆ ಕೇಳುವನೆಂದು ಕಾದು ನಿಂತೆ.

"ಇದೇನ್ ಟೀಚರಮ್ಮ, ಎಮ್ಮೆ ಮೈಗೆಲ್ಲ ಸಿಮೆಂಟು! ಒಣಗೋದ್ರೆ ಸಂಜೆ ಹಾಲು ಹೆಂಗೆ ಕರೆಯೋದು?"

"ನಿಮ್ಮ ಎಮ್ಮೆ ನನ್ನ ಮೂಲೆಯನ್ನು ಕೆಡಿಸಿದೆ."

"ಅದು ಕರ ಆಗಿದ್ದಾಗ್ಲಿಂದ ಇಲ್ಲೇ ಕೆರ್ಕೊಂತಿರೋದು. ಹೊಸ ಗಾರೆ ಅಂತ ಅದಕ್ಕೆ ಹೆಂಗೆ ಗೊತ್ತಾಗ್ಬೇಕು? ಒಂದು ಬೋರ್ಡ್ ಹಾಕ್ಬೇಕಿತ್ತು ನೀವು."

ಗಾರೆಗೆ ಚಿಮುಕಿಸಲೆಂದು ತೊಟ್ಟಿ ತುಂಬಿಸಿಟ್ಟಿದ್ದ ನೀರೆಲ್ಲ ಎಮ್ಮೆಯ ಸ್ನಾನಕ್ಕೆ ಆಯಿತು. ಸ್ನಾನ ಮಾಡಿಸಿದವನು ನನ್ನ ಮೇಸ್ತ್ರಿ.

೩. ಕನ್ನಡಿ

ಸಿರಾದವನು ಮರುದಿನ ಮತ್ತೆ ಮೂಲೆ ಎಬ್ಬಿಸಿದನು. ಈ ಸಲ ಸುತ್ತ ಮುಳ್ಳುಕಂಟಿ ಇರಿಸಿದೆ. ಎಮ್ಮೆ ದೂರದಿಂದ ನೋಡಿ ಹೋಯಿತು. ಆದರೆ ಎದುರುಮನೆಯಾಕೆ ಹೋಗಲಿಲ್ಲ. ಆಕೆಯ ತವರು ಪಾವಗಡ; ಮಾತಿನಲ್ಲಿ ತೆಲುಗು ಬೆರೆಯುತ್ತದೆ.

"ಅಯ್ಯೋ ದೇವುಡಾ! ಟೀಚರಮ್ಮ, ನಿಮ್ಮ ಮೂಲೆ ಕತ್ತಿ ಹಂಗೆ ನಮ್ಮ ಬಾಗಿಲನ್ನೇ ನೋಡ್ತೈತೆ. ಇದು ಮನೆಗೆ ಕುತ್ತು. ಒಂಚೂರು ಗುಂಡಗೆ ಮಾಡ್ಸಿ."

"ಈ ಮೂಲೆ ನೀವು ಬರುವ ಮೊದಲಿನಿಂದಲೂ ಇಲ್ಲೇ ಇದೆ."

"ಮೊದ್ಲು ಮೊಂಡಾಗಿತ್ತು ಕದಾ!"

ಗುಂಡಗೆ ಮಾಡಿಸುವುದಿಲ್ಲವೆಂದೆ. ಆಕೆ ಸರಸರನೆ ಒಳಗೆ ಹೋದಳು. ಮಧ್ಯಾಹ್ನದೊಳಗೆ ತನ್ನ ಬಾಗಿಲಿನ ಮೇಲೆ ದೊಡ್ಡದೊಂದು ಕನ್ನಡಿ ತೂಗುಹಾಕಿದಳು. ನನ್ನ ಮೂಲೆಯ ಕುತ್ತು ಅದಕ್ಕೆ ಬಡಿದು ನನಗೇ ಹಿಂದಿರುಗಬೇಕಂತೆ.

ಕುತ್ತು ಹಿಂದಿರುಗಿತೋ ಇಲ್ಲವೋ ತಿಳಿಯದು. ಬಸ್ಸಿಗೆ ಹೋಗುವ ಗಂಡಸರು ಮಾತ್ರ ಒಬ್ಬೊಬ್ಬರಾಗಿ ಮುಳ್ಳುಕಂಟಿ ಸರಿಸಿ, ನನ್ನ ಮೂಲೆಗೆ ಒರಗಿ, ಆ ಕನ್ನಡಿ ನೋಡಿಕೊಂಡು ತಲೆ ಬಾಚತೊಡಗಿದರು. ಒಬ್ಬನನ್ನು ಗದರಿದೆ. "ಒಂದ್ ನಿಮಿಷ ತಡೀರಿ ಮೇಡಂ, ಬೈತಲೆ ಸೊಟ್ಟಾಗ್ತೈತೆ" ಎಂದನು. ವಾರ ಕಳೆಯುವಷ್ಟರಲ್ಲಿ ಎಮ್ಮೆಯ ಎತ್ತರಕ್ಕಿಂತ ಎರಡು ಗೇಣು ಮೇಲೆ ಕೊಬ್ಬರಿಎಣ್ಣೆಯ ಕಲೆ ಮೂಡಿತ್ತು.

೪. ಎದುರು ನಿಂತು ಕಟ್ಟಿಸಿದ ಮನೆ

ಗಾರೆ ಒಣಗಿ ಗಟ್ಟಿಯಾದ ಮೇಲೆ ಹೊಸ ತೊಂದರೆ ಆರಂಭವಾಯಿತು. ಹಾಲಿನವನು ನಿಂತು ನೋಡಿ, "ಟೀಚರಮ್ಮ, ಮೂಲೆ ಸೊಟ್ಟಾಗೈತಲ್ಲ" ಎಂದನು. ಎದುರುಮನೆಯಾಕೆಯೂ ಅದನ್ನೇ ಎಂದಳು. ಎಮ್ಮೆಯವನು ಸಹ ಹಾಗೆಯೇ ಎಂದನು. ಪ್ರತಿಯೊಬ್ಬರನ್ನೂ ನಿಲ್ಲಿಸಿ, ಬೀಗ ಇಳಿಬಿಟ್ಟು ತೋರಿಸಿದೆ. ದಾರ ಮೂಲೆಗೆ ಮುತ್ತಿಟ್ಟಂತೆ ನಿಲ್ಲುತ್ತಿತ್ತು. "ದಾರ ನೆಟ್ಟಗೇ ಐತೆ. ಮೂಲೆ ಸೊಟ್ಟ" ಎಂದು ತೀರ್ಪು ಕೊಟ್ಟು ಹೋಗುತ್ತಿದ್ದರು.

ಆ ವಾರ ದೊಡ್ಡ ಮಳೆ ಬಂದಿತು. ನೆಟ್ಟಗಿನ ಮೂಲೆಯ ಮೇಲಿನ ನಂಬಿಕೆಯಿಂದ ರೂಲುದೊಣ್ಣೆಯನ್ನು ಬದಿಗಿಟ್ಟು, ಬೆರಳಿನಿಂದಲೇ ಸ್ವಿಚ್ಚು ಒತ್ತಿದೆ. ಕೈ ಭುಜದವರೆಗೆ ಜೋಮು ಹಿಡಿಯಿತು.

ಸಿರಾದವನನ್ನು ಕರೆಸಿದೆ. ಅವನು ಗುಂಡನ್ನು ಹೊಸ ಮೂಲೆಗೆ ಇಳಿಬಿಟ್ಟನು, ಸರಿಯಿತ್ತು. ಉಳಿದ ಮೂರು ಮೂಲೆಗಳಿಗೂ ಇಳಿಬಿಟ್ಟನು. ಗುಂಡಿನ ದಾರ ಸುತ್ತಿಕೊಂಡು ನನ್ನ ಬಳಿಗೆ ಬಂದನು.

"ಅಮ್ಮಾ, ಮೂಲೆ ಸೀದಾ ಐತೆ" ಎಂದನು. "ಮನೇನೇ ವಾಲೈತೆ."

ನಾನು ಗೋಡೆ ಹಿಡಿದುಕೊಂಡೆ.

"ಗಾಬರಿ ಬೇಡ, ಬೀಳಲ್ಲ. ಕಟ್ಟೋವಾಗ್ಲೇ ಹಂಗೆ ಕಟ್ಟವ್ರೆ. ಮೇಲ್ಗಡೆ ಹೊಸ ಗಾರೆ ಗೋಡೆಗಿಂತ ಎರಡು ಬೆರಳು ಈಚೆಗೆ ಬಂದೈತೆ. ಮಳೆನೀರು ಅಲ್ಲಿ ನಿಂತು ಒಳಗೆ ಇಳೀತೈತೆ."

"ನಮ್ಮ ತಂದೆಯವರು ಎದುರಿಗೆ ನಿಂತು ಕಟ್ಟಿಸಿದ ಮನೆಯಪ್ಪಾ ಇದು!"

"ಎದುರಿಗೆ ನಿಂತ್ರೆ ಕಾಣ್ಸಲ್ಲ ಅಮ್ಮಾ" ಎಂದನು, ತುಂಬ ಮೃದುವಾಗಿ. "ಪಕ್ಕದಲ್ಲಿ ನಿಂತು ನೋಡ್ಬೇಕಿತ್ತು."

ಹೊರಗೆ ಮತ್ತೆ ಮೋಡ ಕವಿಯುತ್ತಿತ್ತು. "ಹಾಗಾದರೆ ಮೂಲೆಯನ್ನೂ ಸೊಟ್ಟಗೆ ಮಾಡಿಬಿಡು" ಎಂದೆ. ಇಂಥ ಆಜ್ಞೆಯನ್ನು ನಾನು ಜೀವಮಾನದಲ್ಲಿ ಯಾರಿಗೂ ಕೊಟ್ಟವಳಲ್ಲ.

ಅವನು ಕೈ ಜೋಡಿಸಿದನು. "ಮಾಫ್ ಮಾಡಿ ಅಮ್ಮಾ. ಗುಂಡು ಹಿಡಿದೋನಿಗೆ ಸೊಟ್ಟ ಬರಲ್ಲ. ಅದಕ್ಕೆ ಆ ಕೊರಟಗೆರೆ ಮೇಸ್ತ್ರಿನೇ ಆಗ್ಬೇಕು."

ಫೋನ್ ಮಾಡಿದೆ. ಹಿರಿಯ ಮೇಸ್ತ್ರಿ ಮರುದಿನ ಬೆಳಿಗ್ಗೆಯೇ ಬಂದರು. ಅವರ ಮುಖದಲ್ಲಿ ನಗುವಿದೆಯೇ ಎಂದು ಕಟ್ಟುನಿಟ್ಟಾಗಿ ಪರೀಕ್ಷಿಸಿದೆ, ಇರಲಿಲ್ಲ. ಬೀಡಿ ಆರಿಸಿ, ಒಂದು ಕಣ್ಣು ಮುಚ್ಚಿ, ಮೂಲೆಯನ್ನೂ ಮನೆಯನ್ನೂ ನನ್ನನ್ನೂ ಒಂದೇ ಅಳತೆಯಲ್ಲಿ ನೋಡಿದರು. ಕರಣೆ ಕೈಗೆತ್ತಿಕೊಂಡು ಕೇಳಿದರು:

"ಆವತ್ತಿನ ಎರಡು ಬೆರಳೇ ಸಾಕಾ ಕಣಮ್ಮ, ಇನ್ನೊಂಚೂರು ಸೊಟ್ಟ ಇರ್ಲಾ?"